ಎಂಟು ವಾರದ ರಜೆ

ಸೆಪ್ಟೆಂಬರ್ ಬಂತೆಂದರೆ ನಮ್ಮ ಮತ್ಸುಎಯ ವಿಶ್ವವಿದ್ಯಾಲಯದಲ್ಲಿ ಮೂವತ್ತರ ಆಸುಪಾಸಿನವರೆಲ್ಲ ಯೊನೆಹಾರಾ ಅವರ ಕಿಟಕಿಯ ಮುಂದೆ ಸಾಲು ನಿಲ್ಲುತ್ತಾರೆ. ಕೈಯಲ್ಲಿ ಅರ್ಜಿ, ಕಣ್ಣಲ್ಲಿ ನಿದ್ದೆಗೇಡು. ಯುವ ಸಂಶೋಧಕರಿಗೆಂದು ಸರ್ಕಾರ ಕೊಡುವ ಅನುದಾನದ ಅರ್ಜಿ ಅದು. ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬರಿಗೈಯಲ್ಲಿ ಉಳಿಯುತ್ತಾರೆ ಎಂದು ಎಲ್ಲರಿಗೂ ಗೊತ್ತು, ಆದರೂ ಎಲ್ಲರೂ ಹಾಕುತ್ತಾರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಅರ್ಜಿ ಟೋಕಿಯೋ ಮುಟ್ಟುವ ಮೊದಲು ಯೊನೆಹಾರಾ ಅವರ ಉಕ್ಕಿನ ಅಳತೆಪಟ್ಟಿಯ ಕೆಳಗೆ ಹಾದುಹೋಗಬೇಕು. ಹಾಳೆಯ ಅಂಚು ಕೂದಲೆಳೆಯಷ್ಟು ಕಡಿಮೆಯಾದರೂ ಕೆಂಪು ಪೆನ್ಸಿಲ್ ಬೀಳುತ್ತದೆ. ಮೂವತ್ತೆಂಟು ವರ್ಷದಿಂದ ಅವರದು ಇದೇ ಕೆಲಸ. ಬರುವ ಮಾರ್ಚಿಗೆ ನಿವೃತ್ತಿ.

ಆ ವರ್ಷದ ಸಾಲಿನಲ್ಲಿ ಕದೊವಾಕಿ ಸಾಯೊ ಏಳನೆಯವಳು. ವಯಸ್ಸು ಮೂವತ್ತಾರು. ಅವಳ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ಶಿಂಜಿ ಸರೋವರದ ಚಿಪ್ಪಿಮರಿಗಳನ್ನು ಎಣಿಸುವುದು. ನಮ್ಮೂರಲ್ಲಿ ಬೆಳಗಿನ ಸಾರಿಗೆ ಆ ಕರಿ ಚಿಪ್ಪಿ ಬೀಳದ ಮನೆಯಿಲ್ಲ. ಆದರೆ ಅದರ ಮರಿಗಳು ಯಾವ ವರ್ಷ ಎಲ್ಲಿ ನೆಲೆ ನಿಲ್ಲುತ್ತವೆ, ಯಾವ ವರ್ಷ ಯಾಕೆ ನಿಲ್ಲುವುದಿಲ್ಲ ಎಂದು ಕೇಳಿದರೆ ಬಾಯಿ ಬಿಡುವವರಿಲ್ಲ. ಸಾಯೊ ಪ್ರತಿ ತಿಂಗಳು ಅದೇ ಒಂಬತ್ತು ಜಾಗಗಳಲ್ಲಿ ಒಂದೊಂದು ಚೌಕದ ಕೆಸರು ತೆಗೆದು, ಜರಡಿ ಹಿಡಿದು, ಸಾಸಿವೆಗಿಂತ ಸಣ್ಣ ಮರಿಗಳನ್ನು ಸೂಜಿಯ ತುದಿಯಿಂದ ಎಣಿಸುತ್ತಿದ್ದಳು. ಆರು ವರ್ಷದಿಂದ ಎಣಿಸುತ್ತಿದ್ದಳು.

ಅವಳದು ಹಂಗಾಮಿ ಹುದ್ದೆ, ಮಾರ್ಚಿಗೆ ಮುಗಿಯುವಂಥದ್ದು. ವಿಭಾಗದ ಹಿರಿಯರಾದ ಸೆರಾ ಸೆನ್ಸೇ (ಕಲಿಸುವವರನ್ನೆಲ್ಲ ನಮ್ಮಲ್ಲಿ ಸೆನ್ಸೇ ಎಂದೇ ಕರೆಯುವುದು) ಮುಚ್ಚುಮರೆಯಿಲ್ಲದೆ ಹೇಳಿದ್ದರು. ಅನುದಾನ ಬಂದರೆ ಹುದ್ದೆ ಮುಂದುವರಿಯುತ್ತದೆ, ಬಾರದಿದ್ದರೆ ಎಣಿಕೆ ಅಲ್ಲಿಗೆ ನಿಲ್ಲುತ್ತದೆ. ಹಿಂದೆ ಐದು ಸಲ ಹಾಕಿ ಐದು ಸಲವೂ ಸೋತಿದ್ದಳು. ನಮ್ಮಲ್ಲಿ ಇನ್ನೊಂದು ವಿಚಿತ್ರವಿದೆ. ಸೋತವರಿಗೂ ಕೇಳಿದರೆ ದರ್ಜೆ ತಿಳಿಸುತ್ತಾರೆ. ಕಳೆದ ಸಲ ಸಾಯೊಗೆ ಬಂದದ್ದು ‘ಎ’, ಎಂದರೆ ಸೋತವರಲ್ಲಿ ಮೊದಲನೇ ಸಾಲಿನವಳು. ಸೆರಾ ಸೆನ್ಸೇ ಅದಕ್ಕೆ ಅಭಿನಂದನೆ ಹೇಳಿದ್ದರು. ಯಾಕೆ ಹೇಳಿದರೋ ಅವರಿಗೇ ಗೊತ್ತು.

ಯೊನೆಹಾರಾ ಅಳತೆಪಟ್ಟಿ ಇಟ್ಟು ನೋಡಿದರು, ತಿರುಗಿಸಿ ನೋಡಿದರು.

“ಕದೊವಾಕಿ ಸೆನ್ಸೇ, ಅಂಚು ಸರಿ ಇದೆ, ಅಕ್ಷರ ಸರಿ ಇದೆ. ಆದ್ರೆ ನೀವೇ ಸರಿ ಇಲ್ವಲ್ಲ!”

“ಏನಂದ್ರಿ?”

“ಡಾಕ್ಟರೇಟ್ ಯಾವತ್ತು ಕೊಟ್ರು?”

“ಮಾರ್ಚ್ ಇಪ್ಪತ್ನಾಲ್ಕು.”

“ಪದವಿ ಬಂದು ಎಂಟು ವರ್ಷ ತುಂಬಿರಬಾರ್ದು ಅಂತ ನಿಯಮ. ಯಾವತ್ತಿಗೆ? ಬರೋ ಏಪ್ರಿಲ್ ಒಂದಕ್ಕೆ. ಅವತ್ತಿಗೆ ನಿಮಗೆ ಎಂಟು ವರ್ಷ ತುಂಬಿ ಎಂಟು ದಿನ ಆಗಿರತ್ತೆ. ಎಂಟು ದಿನ ಸೆನ್ಸೇ! ಪದವಿ ಕೊಡೋರು ಒಂದು ವಾರ ಹೆಚ್ಚಿಗೆ ಮಲಗಿ ಎದ್ದಿದ್ರೆ ಸಾಕಿತ್ತು.”

ಸಾಯೊ ಬೆರಳು ಮಡಿಸಿದಳು. ಅವಳು ಎಣಿಸಿದ್ದು ಅರ್ಜಿ ಹಾಕುವ ಶರತ್ಕಾಲಗಳನ್ನು. ಇದು ಎಂಟನೆಯದು, ಆದ್ದರಿಂದ ಕೊನೆಯ ಅವಕಾಶ ಇನ್ನೂ ಇದೆ ಎಂದುಕೊಂಡಿದ್ದಳು. ಸೊಪ್ಪು ಮಾರುವವರು ಇಂಥ ತಪ್ಪು ಮಾಡುವುದಿಲ್ಲ, ಅವರು ದಿನ ನೋಡಿ ಬದುಕುವವರು. ಅರ್ಜಿಯಿಂದ ಅರ್ಜಿಗೆ ಬದುಕುವವರು ಮಾತ್ರ ಮಾಡುತ್ತಾರೆ. ಸಾಸಿವೆಗಿಂತ ಸಣ್ಣದನ್ನು ತಪ್ಪದೆ ಎಣಿಸುವವಳು ತನ್ನ ವರ್ಷಗಳನ್ನೇ ತಪ್ಪು ಎಣಿಸಿದ್ದಳು.

“ಹಾಗಾದ್ರೆ ಆಯ್ತು,” ಎಂದು ಹಾಳೆಗಳನ್ನು ಎತ್ತಿಕೊಳ್ಳಲು ಹೋದಳು.

“ಅಯ್ಯೋ, ಇರಿ ಇರಿ. ಏನ್ ಅವಸರ ನಿಮಗೆ?” ಯೊನೆಹಾರಾ ಎದ್ದು ಕಪಾಟಿನಿಂದ ಅವಳ ಕಡತ ತಂದರು. ಹೆಬ್ಬೆರಳು ಒದ್ದೆ ಮಾಡಿಕೊಂಡು ಒಂದೊಂದೇ ಹಾಳೆ ಮಗುಚಿದರು. ಒಂದು ಹಾಳೆಯ ಮೇಲೆ ಬೆರಳು ನಿಂತಿತು. ಮುಖ ಅರಳಿತು.

“ಹೆರಿಗೆ ರಜೆ! ಎಂಟು ವಾರ! ಸೆನ್ಸೇ, ಬಚಾವಾದ್ರಿ! ಹೆರಿಗೆ ರಜೆ ಎಷ್ಟಿದೆಯೋ ಅಷ್ಟನ್ನ ಎಂಟು ವರ್ಷದಿಂದ ಕಳೀಬಹುದು. ಮಗು ತಾಯಿಗೆ ಒಂದು ವರ್ಷ ಗಳಿಸಿಕೊಟ್ಟಿದೆ ನೋಡಿ. ಹುಟ್ಟಿದ್ರೆ ಇಂಥ ಮಗು ಹುಟ್ಟಬೇಕಪ್ಪ!”

ಹಿಂದೆ ಸಾಲಿನಲ್ಲಿದ್ದವರು ನಕ್ಕರು. ಯಾರೋ ಚಪ್ಪಾಳೆಯನ್ನೂ ತಟ್ಟಿದರು.

“ಈಗ ಎಷ್ಟು ವರ್ಷ?”

“ನವೆಂಬರ್‌ಗೆ ಮೂರು.”

“ಗಂಡೋ ಹೆಣ್ಣೋ?”

“ಹೆಣ್ಣು.”

ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಹೆರಿಗೆಯಾದದ್ದು ನಿಜ, ಹೆಣ್ಣಾದದ್ದು ನಿಜ. ಮಗು ಉಸಿರಾಡಿತೇ ಎಂದು ಮಾತ್ರ ಯಾರೂ ಕೇಳಲಿಲ್ಲ. ಕೇಳಿದ್ದರೆ ಅದಕ್ಕೂ ಸರಿಯಾದ ಉತ್ತರ ಕೊಡುತ್ತಿದ್ದಳು.

ಏಳನೇ ತಿಂಗಳಲ್ಲಿ ಹೊಟ್ಟೆಯೊಳಗಿನ ಓಡಾಟ ನಿಂತಿತ್ತು. ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿದರು. ಹಾಗೆ ಹೆತ್ತವರಿಗೂ ಕಾನೂನು ಎಂಟು ವಾರ ರಜೆ ಕೊಡುತ್ತದೆ, ಮೈ ಸುಧಾರಿಸಬೇಕಲ್ಲ. ಗಂಡ ಕೋಹೇಯ್ ಪುರಸಭೆಗೆ ಹೋಗಿ ಕಾಗದ ತುಂಬಿ ಬಂದ. ಎಷ್ಟನೇ ವಾರ, ಎಷ್ಟು ತೂಕ, ತಾಯಿಯ ವಯಸ್ಸೆಷ್ಟು ಎಂದೆಲ್ಲ ಆ ಕಾಗದದಲ್ಲಿತ್ತು, ಮಗುವಿನ ಹೆಸರಿಗೆ ಖಾನೆ ಇರಲಿಲ್ಲ. ಸತ್ತು ಹುಟ್ಟಿದ ಮಗು ಮನೆತನದ ದಾಖಲೆಗೂ ಏರುವುದಿಲ್ಲ. ಗಂಡ ಹೆಂಡತಿ ಹೆಸರನ್ನು ಆರಿಸಿಟ್ಟಿದ್ದರು, ಮಿಗಿವಾ ಎಂದು. ನೀರು ದಡವನ್ನು ಮುಟ್ಟುವ ಅಂಚಿಗೆ ನಮ್ಮಲ್ಲಿ ಹಾಗೆ ಹೇಳುತ್ತಾರೆ. ಆ ಹೆಸರು ಯಾವ ಕಾಗದದಲ್ಲೂ ಬರಲಿಲ್ಲ. ಆಮೇಲೆ ಇಬ್ಬರ ಬಾಯಲ್ಲೂ ಬರಲಿಲ್ಲ.

ಒಂಬತ್ತನೇ ವಾರ ಸಾಯೊ ಸರೋವರಕ್ಕೆ ಇಳಿದಳು. ಅವತ್ತು ವಿಭಾಗದಲ್ಲಿ ಅವಳನ್ನು ಕಂಡ ಸೆರಾ ಸೆನ್ಸೇ ಆಳವಾಗಿ ತಲೆಬಾಗಿ, ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅವರ ಮಟ್ಟಿಗೆ ಅದು ದೊಡ್ಡ ಮಾತು. ಆರು ವರ್ಷದ ಪಟ್ಟಿಯಲ್ಲಿ ಆ ನವೆಂಬರ್, ಡಿಸೆಂಬರ್ ಎರಡು ಖಾನೆ ಮಾತ್ರ ಖಾಲಿ. ಸಾಯೊ ಅಳಲಿಲ್ಲ. ಬಹಳ ಹೊತ್ತು ಮಂಡಿಯೂರಿ ಕೂತರೆ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಅವಳಿಗೆ ಹಿಡಿದದ್ದು ಹಾಗೆ. ಕಾಲಿನ ಜೋಮು ಎರಡು ನಿಮಿಷದಲ್ಲಿ ಬಿಡುತ್ತದೆ, ಇದು ಮೂರು ವರ್ಷವಾದರೂ ಬಿಟ್ಟಿರಲಿಲ್ಲ.

ಯೊನೆಹಾರಾ ಅವರ ಕಿಟಕಿಯಿಂದ ಬಂದ ಮೇಲೆ, ರಜೆಯ ವಿಷಯ ಬರೆಯಲೋ ಬೇಡವೋ ಎಂದು ಅವಳು ಸೆರಾ ಸೆನ್ಸೇಯನ್ನು ಕೇಳಿದಳು. ಅವರು ಕೀಲಿಮಣೆಯನ್ನೇ ನೋಡುತ್ತ ಕುಳಿತರು.

“ಬರಿ. ನಿಯಮ ಇದೆ, ರಜೆ ತಗೊಂಡಿದೀಯ. ಸುಳ್ಳೇನಲ್ವಲ್ಲ.” ಆಮೇಲೆ ತಾವು ಗಟ್ಟಿಯಾಗಿ ನಿಲ್ಲಬಲ್ಲ ನೆಲಕ್ಕೆ ಬಂದರು. “ಅದಿರಲಿ, ಎರಡನೇ ಪುಟದಲ್ಲಿ ದಪ್ಪಕ್ಷರ ಸಾಲದು. ನೋಡೋರು ನೂರು ಅರ್ಜಿನ ರೈಲಲ್ಲಿ ಕೂತು ನೋಡ್ತಾರೆ. ತೂಕಡಿಸೋನಿಗೂ ಕಣ್ಣಿಗೆ ಹೊಡೀಬೇಕು. ಅಡಿಗೆರೆ ಹಾಕು. ಇನ್ನೂ ಹಾಕು. ಪೂರ್ತಿ ಹಾಕಿದ್ರೂ ಪರ್ವಾಗಿಲ್ಲ.”

ಸಾಯೊ ಅಡಿಗೆರೆ ಹಾಕಿದಳು. ಆಮೇಲೆ ‘ಸಂಶೋಧನೆ ನಿಂತ ಅವಧಿ ಮತ್ತು ಕಾರಣ’ ಎಂಬ ಖಾನೆಯಲ್ಲಿ ‘ಹೆರಿಗೆ ರಜೆ, ಎಂಟು ವಾರ’ ಎಂದು ಬರೆದಳು. ಸರೋವರದ ನೀರಿನ ಉಷ್ಣಾಂಶ ಬರೆಯುವಾಗ ಬೆರಳು ಹೇಗೆ ಓಡುತ್ತಿತ್ತೋ ಹಾಗೆಯೇ ಓಡಿತು. ಬರೆದ ಮೇಲೆ ಏನಾದರೂ ಆಗಬಹುದೆಂದು ಒಂದು ನಿಮಿಷ ಕಾದಳು. ಏನೂ ಆಗಲಿಲ್ಲ. ಅರ್ಜಿ ಹೋಯಿತು.

ಕೋಹೇಯ್‌ಗೆ ಅವಳು ಇದನ್ನು ಹೇಳಲಿಲ್ಲ. ಅವನು ಕೋಟೆಯ ಕಂದಕದ ಪಕ್ಕದ ಹಳೆಯ ಮಿಠಾಯಿ ಅಂಗಡಿಯಲ್ಲಿ ಚಹಾದ ಜೊತೆ ಕೊಡುವ ಸಿಹಿ ಮಾಡುವವನು. ಋತುವಿಗೊಂದು ಹೂವು, ಎಲೆ, ಚಂದ್ರ ಎಂದು ಬೆರಳಲ್ಲೇ ತಿದ್ದಿ ಮಾಡುತ್ತಿದ್ದ. ಬೆಳಗಿನ ಜಾವಕ್ಕೆ ಹೋಗಿ ಮಧ್ಯಾಹ್ನದ ಮೇಲೆ ಬರುತ್ತಿದ್ದ. ಮನೆಯಲ್ಲಿ ಅವರಿಬ್ಬರ ಮಾತು ಕಸದ ದಿನ ಯಾವುದು, ಕೊಡೆ ಎಲ್ಲಿದೆ ಎನ್ನುವುದರಲ್ಲಿ ಮುಗಿಯುತ್ತಿತ್ತು. ಜಗಳವೂ ಇರಲಿಲ್ಲ. ಜಗಳವಾದರೂ ಇದ್ದಿದ್ದರೆ ಒಳ್ಳೆಯದಿತ್ತು ಎಂದು ನನಗನ್ನಿಸುತ್ತದೆ.

ಯೊನೆಹಾರಾ ಮಾತ್ರ ಖುಷಿಯಲ್ಲಿದ್ದರು. ಒಂದು ವಾರ ಬಿಟ್ಟು ಕಿಟಕಿಯಿಂದ ಕೈ ಚಾಚಿ, ಟೊಮೇಟೊದಂಥ ಕೇಸರಿ ಹಣ್ಣುಗಳಿದ್ದ ಕಾಗದದ ಚೀಲ ಕೊಟ್ಟರು. “ನಮ್ಮ ಹಿತ್ತಲ ಮರದ ಕಾಕಿ ಹಣ್ಣು. ಮಗೂಗೆ ಕೊಡಿ. ಬೀಜ ಇಲ್ಲ, ಗಂಟಲಿಗೆ ಸಿಗಲ್ಲ.”

ಸಾಯೊ ವಂದನೆ ಹೇಳಿ ಮನೆಗೆ ಒಯ್ದಳು. ಮಾರುಕಟ್ಟೆಯದು ಎಂದು ಗಂಡನಿಗೆ ಹೇಳಿ ಇಬ್ಬರೂ ತಿಂದರು. ಚೆನ್ನಾಗಿತ್ತು. ಸುಳ್ಳು ಎಂದು ಹೇಳಬಹುದಾದದ್ದು ಅದೊಂದೇ.

ಅಕ್ಟೋಬರಿನಲ್ಲಿ ಇನ್ನೊಂದು ಕಾಗದ ಬಂತು. ಹೆರಿಗೆ ರಜೆ ತೋರಿಸಿದವರ ಪಟ್ಟಿ ಕಚೇರಿಯಿಂದ ಕಚೇರಿಗೆ ಹೋಗಿ, ಮಕ್ಕಳಿರುವ ಸಂಶೋಧಕರಿಗೆಲ್ಲ ಊಟದ ಆಹ್ವಾನವಾಗಿ ತಿರುಗಿ ಬಂದಿತ್ತು. ಕರೆದವರ ಮನಸ್ಸು ಒಳ್ಳೆಯದೇ, ಅನುಮಾನವಿಲ್ಲ. ಮಗುವನ್ನು ಕರೆತನ್ನಿ ಎಂದಿತ್ತು. ಕೆಳಗೆ ತುಂಬಲು ನಾಲ್ಕು ಸಾಲು. ಸಾಯೊ ಬರುವುದಿಲ್ಲ ಎಂದಷ್ಟೇ ಗುರುತು ಹಾಕಿ ಕಳಿಸಬಹುದಿತ್ತು. ಆದರೆ ಅವಳು ಪೆನ್ನು ತೆಗೆದು ಮೊದಲನೇ ಸಾಲಿನಿಂದ ಶುರುಮಾಡಿದಳು. ಮಗುವಿನ ಹೆಸರು: ಮಿಗಿವಾ. ವಯಸ್ಸು: ನವೆಂಬರ್‌ಗೆ ಮೂರು. ತಿನ್ನಬಾರದ ಪದಾರ್ಥ: ಏನೂ ಇಲ್ಲ. ಬರುವಿರಾ: ಇಲ್ಲ.

ಅದನ್ನೂ ಯೊನೆಹಾರಾ ಅವರ ಕಿಟಕಿಯಲ್ಲೇ ಕೊಡಬೇಕು. ಅವರು ತೆಗೆದುಕೊಂಡು ಓದಿದರು. ಅವಳ ಕಡತ ಇನ್ನೂ ಮೇಜಿನ ಮೇಲೇ ಇತ್ತು, ಕಚೇರಿಯಲ್ಲಿ ಉಳಿದ ಅರ್ಜಿಯ ನಕಲಿನ ಜೊತೆಗಿಡಲು ರಜೆ ಕಾಗದದ ಪ್ರತಿ ತೆಗೆಯುತ್ತಿದ್ದರು. ಅದನ್ನೊಮ್ಮೆ ನೋಡಿದರು, ಇದನ್ನೊಮ್ಮೆ ನೋಡಿದರು. “ಸರಿ, ಕದೊವಾಕಿ ಸೆನ್ಸೇ,” ಎಂದರು. ಆಮೇಲೆ ಯಾವತ್ತೂ ಮಗುವಿನ ವಿಚಾರ ಎತ್ತಲಿಲ್ಲ. ಸಾಯೊ ಅದನ್ನು ಗಮನಿಸಲೂ ಇಲ್ಲ.

ಎಣಿಕೆ ನಡೆದೇ ಇತ್ತು. ಅವಳನ್ನು ದೋಣಿಯಲ್ಲಿ ಕರೆದೊಯ್ಯುವವನು ಫುಕುಮಾ ಅಜ್ಜ. ಎಪ್ಪತ್ತೈದಾದರೂ ಉದ್ದ ಕೋಲಿನ ಬುಟ್ಟಿ ಹಾಕಿ ಚಿಪ್ಪಿ ಎಳೆಯುವವನು, ಬಾಯಿ ಮಾತ್ರ ಇಪ್ಪತ್ತರದು.

“ಏನ್ ಸೆನ್ಸೇ, ಇನ್ನೂ ಎಣಿಸಿ ಮುಗೀಲಿಲ್ವಾ? ನಮ್ಮನೆಯವಳು ಕೇಳ್ತಾಳೆ, ಆ ಹುಡುಗಿಗೆ ಎಣಿಕೆ ಬರಲ್ವೇನ್ರೀ, ಆರು ವರ್ಷದಿಂದ ಅದನ್ನೇ ಎಣಿಸ್ತಾಳಲ್ಲ ಅಂತ.”

“ಬರಲ್ಲ ಅಂತ ಹೇಳಿ ಅಜ್ಜ.”

“ಹೇಳಿದೀನಿ. ಬರೋ ವರ್ಷ ಬರ್ತೀಯೋ ಇಲ್ವೋ? ನಿನಗೋಸ್ಕರ ಈ ಹಲಗೆ ಬದಲಾಯಿಸ್ಬೇಕಾ ಬೇಡ್ವಾ ನಾನು?”

“ಸರ್ಕಾರ ಹೇಳ್ಬೇಕು.”

“ಸರ್ಕಾರಕ್ಕೆ ಒಂದ್ ಬಟ್ಟಲು ಚಿಪ್ಪಿ ಸಾರು ಕುಡಿಸಿದೀಯಾ? ಬರೀ ಕಾಗದ ಕಳಿಸಿದ್ರೆ ಯಾರು ಹೂಂ ಅಂತಾರೆ!”

ಅವತ್ತು ನಾಲ್ಕನೇ ಜಾಗದ ಕೆಸರಿನಲ್ಲಿ ಇನ್ನೂರ ಹನ್ನೆರಡು ಮರಿಗಳಿದ್ದವು. ಆರು ವರ್ಷದಲ್ಲಿ ಅಷ್ಟು ಯಾವತ್ತೂ ಸಿಕ್ಕಿರಲಿಲ್ಲ. ಬೇರೆಯವರಾಗಿದ್ದರೆ ಪ್ರಯೋಗಾಲಯದಲ್ಲಿ ಕುಣಿಯುತ್ತಿದ್ದರು. ಸಾಯೊ ಎರಡನೇ ಸಲ ಎಣಿಸಿದಳು, ಇನ್ನೂರ ಹನ್ನೆರಡೇ ಬಂತು, ಬರೆದುಕೊಂಡಳು. ಮಾರ್ಚಿನ ನಂತರ ಇವುಗಳಲ್ಲಿ ಎಷ್ಟು ಉಳಿದವು ಎಂದು ನೋಡುವವರು ಇಲ್ಲದಿರಬಹುದು ಎಂಬ ಯೋಚನೆ ಬಂತು. ಅದೂ ಬಂದು ಹೋಯಿತು.

ಫಲಿತಾಂಶ ಬಂದದ್ದು ಫೆಬ್ರವರಿಯ ಕೊನೆಯ ದಿನ. ಬೆಳಗ್ಗೆ ಹತ್ತೂವರೆ. ಸಾಯೊ ಜರಡಿ ತೊಳೆಯುತ್ತಿದ್ದಳು. ಕಿಟಕಿ ಬಿಟ್ಟು ಆಚೆ ಬಾರದ ಯೊನೆಹಾರಾ ಎರಡು ಕಟ್ಟಡ ದಾಟಿ, ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಿದ್ದರು.

“ಬಂತು.”

“ಏನು?”

“ಏನು ಅಂತ ಕೇಳ್ತೀರಲ್ಲ! ಅನುದಾನ. ಪಟ್ಟೀಲಿ ನಿಮ್ಮ ಹೆಸರಿದೆ. ಮೂರು ವರ್ಷಕ್ಕೆ.”

ಪಕ್ಕದ ಕೋಣೆಯಿಂದ ಸೆರಾ ಸೆನ್ಸೇ ಓಡಿಬಂದರು. “ನಾನ್ ಹೇಳ್ಲಿಲ್ವಾ, ಅಡಿಗೆರೆ! ಅಡಿಗೆರೆ ಮಾಡಿದ್ದು ಇದು!” ಎಂದು ಕೂಗಿ, ಡೀನ್‌ಗೆ ಫೋನ್ ಮಾಡಲು ಹಾಗೆಯೇ ಓಡಿದರು. ಸಾಯೊ ಜರಡಿ ಕೆಳಗಿಟ್ಟು, ಕೈ ಒರೆಸಿಕೊಂಡು, ಯೊನೆಹಾರಾ ಅವರಿಗೆ ತಲೆಬಾಗಿದಳು. ಎಣಿಕೆ ಉಳಿಯಿತು, ಹುದ್ದೆ ಉಳಿಯಿತು. ಐದು ವರ್ಷ ಬೇಡಿದ್ದು ಕೈಗೆ ಬಂದಿತ್ತು, ಆದರೆ ತೆಗೆದುಕೊಳ್ಳಬೇಕಾದವಳೇ ಮನೆಯಲ್ಲಿಲ್ಲ ಎನ್ನುವ ಹಾಗಿತ್ತು. ಒಳಗೆ ಎಲ್ಲ ನಿನ್ನೆಯಷ್ಟೇ ತಣ್ಣಗಿತ್ತು.

ಯೊನೆಹಾರಾ ಹೋಗಲಿಲ್ಲ. ಕೋಟಿನ ಒಳಗಿನಿಂದ ಒಂದು ಪೊಟ್ಟಣ ತೆಗೆದು ಎರಡೂ ಕೈಯಲ್ಲಿ ಹಿಡಿದರು. ಗುಲಾಬಿ, ಹಸಿರು, ಬಿಳಿ ಬಣ್ಣದ ಸಿಹಿ ಅರಳು. ಮಾರ್ಚ್ ಮೂರಕ್ಕೆ ಹೆಣ್ಣುಮಕ್ಕಳ ಹಬ್ಬ. ಮಗಳಿರುವ ಮನೆಯಲ್ಲೆಲ್ಲ ಬೊಂಬೆ ಕೂರಿಸಿ ಇದನ್ನು ಹಂಚುತ್ತಾರೆ.

ಸಾಯೊ ಪೊಟ್ಟಣ ಮುಟ್ಟಲಿಲ್ಲ. “ಯೊನೆಹಾರಾ ಸಾನ್, ನಿಮಗೆ ಒಂದು ವಿಷಯ ಹೇಳ್ಬೇಕಿತ್ತು. ಆ ಮಗು...”

“ಗೊತ್ತು.”

ಕೊಳಾಯಿಯಿಂದ ನೀರು ಬೀಳುತ್ತಲೇ ಇತ್ತು. ಅವರೇ ಹೋಗಿ ನಿಲ್ಲಿಸಿದರು.

“ಅಕ್ಟೋಬರಲ್ಲೇ ಗೊತ್ತಾಯ್ತು. ಎಂಟು ವಾರ ರಜೆ, ಒಂಬತ್ತನೇ ವಾರಕ್ಕೆ ಕೆಲಸಕ್ಕೆ ಹಾಜರ್. ಮಗು ನೋಡ್ಕೊಳ್ಳೋಕೆ ಅಂತ ಒಂದು ದಿನ ರಜೆ ಇಲ್ಲ. ವಿಮೆ ಕಾಗದದಲ್ಲಿ ಮಗು ಇಲ್ಲ. ಜೀವಮಾನ ಎಲ್ಲ ಅಂಚು ಅಳೆದವನು ನಾನು, ಇದನ್ನ ಮೊದಲನೇ ದಿನವೇ ನೋಡ್ಬೇಕಿತ್ತು. ನೋಡದೆ ಅಷ್ಟು ಜನರ ಮುಂದೆ ಹಾಗೆ ಕೂಗ್ಬಿಟ್ಟೆ. ಇಂಥ ಮಗು ಹುಟ್ಟಬೇಕು ಅಂತ...” ಅವರು ಸೊಂಟ ಬಾಗಿಸಿ ತಲೆ ತಗ್ಗಿಸಿದರು. ಬಹಳ ಹೊತ್ತು ಹಾಗೇ ಇದ್ದರು.

“ಪರ್ವಾಗಿಲ್ಲ,” ಎಂದಳು ಸಾಯೊ. “ಗೊತ್ತಿದ್ದೂ ಇದನ್ನ ಯಾಕೆ ತಂದ್ರಿ?”

“ಗೊತ್ತಿಲ್ದೆ ಇದ್ದಾಗ ಹಣ್ಣು ಕೊಟ್ಟೆ. ಗೊತ್ತಾದ ಮೇಲೆ ಕೊಡದೇ ಇದ್ರೆ ಹೇಗೆ ಸೆನ್ಸೇ? ಹೆಸರು ಬೇರೆ ನೀವೇ ಬರೆದುಕೊಟ್ಟಿದೀರಿ.”

ಪೊಟ್ಟಣವನ್ನು ಮೇಜಿನ ಮೇಲೆ, ಅಂಚಿಗೆ ಸರಿಯಾಗಿ ಇಟ್ಟು ಅವರು ಹೊರಟುಹೋದರು.

ಸಾಯೊ ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಕೋಹೇಯ್ ಚಿಪ್ಪಿ ತೊಳೆದು, ಸಾರಿಗೆ ಒಲೆಯ ಮೇಲೆ ನೀರಿಡುತ್ತಿದ್ದ.

“ಅನುದಾನ ಬಂತು,” ಎಂದಳು.

“ಹೌದಾ? ಒಳ್ಳೇದಾಯ್ತು. ಈ ಸಲ ಕೊನೇದು ಅಂತಿದ್ದೆ ಅಲ್ವಾ?”

“ಕೊನೇದೂ ಮುಗಿದಿತ್ತು. ಎಂಟು ದಿನ ಹೆಚ್ಚಾಗಿತ್ತು. ಆ ಎಂಟು ವಾರದ ರಜೆ ತೋರಿಸಿದೆ. ಅದರಿಂದ ಸಿಕ್ತು.”

ಕೋಹೇಯ್ ಒಲೆಯ ಕಡೆಯಿಂದ ತಿರುಗಲಿಲ್ಲ. ಸಾಯೊ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. ಅದರ ಶಬ್ದಕ್ಕೆ ಅವನು ತಿರುಗಿದ. ಪೊಟ್ಟಣದ ಮೇಲೆ ಒಂದು ಚೀಟಿ ಅಂಟಿಸಿತ್ತು. ಪೆನ್ಸಿಲಿನಿಂದ ಎರಡು ತೆಳುಗೆರೆ ಎಳೆದು, ಅವುಗಳ ನಡುವೆ ಒಂದಕ್ಷರವೂ ಆಚೀಚೆ ಹೋಗದಂತೆ ಬರೆದಿತ್ತು: ಮಿಗಿವಾ ಪುಟ್ಟಿಗೆ.

ಅವನು ಓದಿದ. ಕೈ ಒಣಗಿಯೇ ಇದ್ದರೂ ಅಂಗಿಗೆ ಒರೆಸಿಕೊಂಡ.

“ಯಾರು ಬರೆದಿದ್ದು?”

“ಆಫೀಸಿನ ಯೊನೆಹಾರಾ ಅಂತ ಒಬ್ರು.”

“ಅವರಿಗೆ ಹೆಸರು ಹೇಗೆ ಗೊತ್ತಾಯ್ತು?”

“ನಾನೇ ಬರೆದುಕೊಟ್ಟೆ,” ಎಂದಳು ಸಾಯೊ. “ಒಂದು ಫಾರಂ ಬಂದಿತ್ತು. ಅದರಲ್ಲಿ ಹೆಸರಿಗೆ ಜಾಗ ಇತ್ತು.”

ಕೋಹೇಯ್ ಕುಳಿತ. ಚೀಟಿಯನ್ನು ಉಗುರಿನಿಂದ ಹರಿಯದ ಹಾಗೆ ಬಿಡಿಸಿ ಪಕ್ಕಕ್ಕಿಟ್ಟ. ಪೊಟ್ಟಣ ಒಡೆದು ಒಂದು ಗುಲಾಬಿ ಅರಳನ್ನು ಬಾಯಿಗೆ ಹಾಕಿಕೊಂಡು, ಮಿಠಾಯಿಯವನ ಹಾಗೆ ನಾಲಿಗೆಯಲ್ಲಿ ತಿರುಗಿಸಿ ನೋಡಿದ.

“ಅಂಗಡಿ ಮಾಲು,” ಎಂದ. “ಸಕ್ಕರೆ ಜಾಸ್ತಿ. ಮೂರು ವರ್ಷದೋಳಿಗೆ ಇಷ್ಟು ಸಿಹಿ ಕೊಡಬಾರ್ದು. ಬರೋ ವರ್ಷ ನಾನೇ ಮಾಡ್ತೀನಿ.”

ಅಷ್ಟು ಹೇಳಿ ಅವನು ಅತ್ತ. ಮೂರು ವರ್ಷದಲ್ಲಿ ಅವನು ಅತ್ತದ್ದನ್ನು ಸಾಯೊ ನೋಡಿರಲಿಲ್ಲ. ಅವಳಿಗೆ ಅಳು ಬರಲಿಲ್ಲ. ಹೋಗಿ ಅವನ ಪಕ್ಕದಲ್ಲಿ ಕುಳಿತು, ತನಗೂ ಬರಬಹುದೆಂದು ಕಾದಳು. ಬರಲಿ ಎಂದು ಅವಳಿಗೆ ಅನ್ನಿಸಿದ್ದು ಅದೇ ಮೊದಲು. ಒಲೆಯ ಮೇಲೆ ನೀರು ಕುದಿಯುತ್ತಿತ್ತು, ಇಬ್ಬರೂ ಏಳಲಿಲ್ಲ.